ಸ್ಟ್ಯಾಟಿಕ್ ಎಂದರೆ ಬದಲಾಗದ್ದೇ? ಆಬ್ಜೆಕ್ಟುಗಳನ್ನು ಕೊಟ್ಟ ಕ್ರಿಸ್ಟನ್ ನ್ಯೂಗೋರ್ ಕಥೆ

ಜಾವಾ ಕಲಿತವರಿಗೆಲ್ಲ ಆ ಮೊದಲ ದಿನ ನೆನಪಿರುತ್ತದೆ. ಪರದೆಯ ಮೇಲೆ ಒಂದು ಸಾಲು ಮೂಡಿಸಲು ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಎಂಬ ಮಂತ್ರವನ್ನು ಬರೆಯಲೇಬೇಕಿತ್ತು. ಇದರ ಅರ್ಥವೇನು ಎಂದು ಕೇಳಿದರೆ, ಈಗ ಹಾಗೇ ಬರೆದುಕೊಳ್ಳಿ, ಮುಂದೆ ಗೊತ್ತಾಗುತ್ತದೆ ಎಂಬ ಉತ್ತರ ಸಿಗುತ್ತಿತ್ತು. ಹಲವರ ಪಾಲಿಗೆ ಆ ಮುಂದೆ ಎಂಬುದು ಬರುವುದೇ ಇಲ್ಲ. ಕೆಲಸಕ್ಕೆ ಸೇರಿ ನಾಲ್ಕಾರು ವರ್ಷ ಕಳೆದವರನ್ನು ಕೇಳಿ ನೋಡಿ, ಸ್ಟ್ಯಾಟಿಕ್ ಎಂದರೆ ಬದಲಾಗದ್ದು, ಸ್ಥಿರವಾದದ್ದು ಎನ್ನುವವರು ಈಗಲೂ ಸಿಗುತ್ತಾರೆ. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಚಟ ಎನ್ನುವ ಸ್ಥಾಯೀ ವಿದ್ಯುತ್ತಿನ ಹೆಸರಿನಲ್ಲೂ ಇದೇ ಪದ ಇರುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಗೊಂದಲ ಬಿಡಿಸಲು ನಾವು ನೇರವಾಗಿ ವ್ಯಾಖ್ಯೆಗೆ ಹೋಗುತ್ತಿಲ್ಲ. ಬದಲಿಗೆ ನಾರ್ವೆಯ ಒಬ್ಬ ಗಣಿತಜ್ಞನ ಬದುಕನ್ನು ಹೇಳುತ್ತೇವೆ. ಕ್ಲಾಸ್, ನ್ಯೂ, ದಿಸ್, ವರ್ಚುವಲ್ ಎಂಬ ಪದಗಳು ಇಂದು ನಾವು ಬಳಸುವ ಅರ್ಥದಲ್ಲಿ ಒಟ್ಟಾಗಿ ಬಂದದ್ದು ಆತ ಮತ್ತು ಆತನ ಗೆಳೆಯ ಸೇರಿ ಕಟ್ಟಿದ ಭಾಷೆಯಿಂದ. ವಿಚಿತ್ರವೆಂದರೆ, ಆ ಭಾಷೆಯಲ್ಲಿ ಸ್ಟ್ಯಾಟಿಕ್ ಮೆಥಡ್ ಎಂಬುದೇ ಇರಲಿಲ್ಲ. ಏಕೆ ಇರಲಿಲ್ಲ ಎಂಬುದು ತಿಳಿದರೆ, ಅದು ಏನು ಎಂಬುದೂ ತಿಳಿಯುತ್ತದೆ.

ಆತನ ಹೆಸರು ಕ್ರಿಸ್ಟನ್ ನ್ಯೂಗೋರ್. ಇಂಗ್ಲಿಷ್ ಕಾಗುಣಿತ ನೋಡಿ ನಮ್ಮಲ್ಲಿ ನೈಗಾರ್ಡ್ ಎಂದು ಓದುವವರೇ ಹೆಚ್ಚು. ನಾರ್ವೆಯವರ ಬಾಯಲ್ಲಿ ಅದು ನ್ಯೂಗೋರ್, ಕೊನೆಯ ಅಕ್ಷರ ಮೌನ.

ನ್ಯೂಗೋರ್ ಹುಟ್ಟಿದ್ದು 1926ರ ಆಗಸ್ಟ್ 27ರಂದು, ಒಸ್ಲೋ ನಗರದಲ್ಲಿ. ಓದಿದ್ದು ಗಣಿತ. 1948ರಲ್ಲಿ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದರು. ಆಗ ನಾರ್ವೆ ತನ್ನ ಮೊದಲ ಪರಮಾಣು ರಿಯಾಕ್ಟರನ್ನು ಕಟ್ಟುವ ತಯಾರಿಯಲ್ಲಿತ್ತು. ಅದಕ್ಕೆ ಬೇಕಾದ ಲೆಕ್ಕಗಳ ಒಂದು ಭಾಗ ಈ ತರುಣನ ಪಾಲಿಗೆ ಬಂತು. ಯುರೇನಿಯಂ ಸರಳುಗಳ ನಡುವೆ ಓಡಾಡುವ ನ್ಯೂಟ್ರಾನುಗಳಲ್ಲಿ ಎಷ್ಟು ಹೀರಲ್ಪಡುತ್ತವೆ, ಎಷ್ಟು ಉಳಿಯುತ್ತವೆ ಎಂಬ ಲೆಕ್ಕ ಅದು. ಸೂತ್ರ ಹಿಡಿದು ಹೊರಟರೆ ಲೆಕ್ಕ ಮುಗಿಯುವಂತೆಯೇ ಇರಲಿಲ್ಲ. ಹಾಗಾಗಿ ಅವರು ಮಾಂಟೆ ಕಾರ್ಲೋ ವಿಧಾನಕ್ಕೆ ಹೊರಳಿದರು. ಒಂದೊಂದು ನ್ಯೂಟ್ರಾನಿನ ಪ್ರಯಾಣವನ್ನೂ ದಾಳ ಎಸೆದಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಊಹಿಸುತ್ತಾ ಹೋಗುವುದು, ಸಾಕಷ್ಟು ಪ್ರಯಾಣಗಳನ್ನು ಕೂಡಿಸಿ ಸರಾಸರಿ ನೋಡುವುದು. ಇದನ್ನೆಲ್ಲ ಮಾಡಿದ್ದು ಕೈಯಲ್ಲಿ! ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ.

ಕೈಲೆಕ್ಕದ ಈ ಅನುಭವವನ್ನು ಸಣ್ಣದೆಂದು ತಿಳಿಯಬಾರದು. ನ್ಯೂಟ್ರಾನ್ ಎಂಬ ಸಾಮಾನ್ಯ ನಿಯಮ ಒಂದೇ. ಆದರೆ ಈ ನ್ಯೂಟ್ರಾನ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದು ಪ್ರತಿಯೊಂದಕ್ಕೂ ಬೇರೆ. ನಿಯಮ ಒಂದು, ಬಿಡಿ ಜೀವನಗಳು ಹಲವು. ಮುಂದೆ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂದು ಹೆಸರು ಪಡೆದ ವಿಚಾರದ ಬೀಜ ಇಲ್ಲೇ ಇತ್ತು ಎಂದು ನಮಗೆ ಅನ್ನಿಸುತ್ತದೆ. 1956ರಲ್ಲಿ ಅವರು ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆದದ್ದೂ ಮಾಂಟೆ ಕಾರ್ಲೋ ವಿಧಾನದ ಬಗ್ಗೆಯೇ.

1950ರ ದಶಕದಲ್ಲಿ ಅವರ ಕೆಲಸ ನ್ಯೂಟ್ರಾನುಗಳಿಂದ ಮನುಷ್ಯರ ಕಡೆಗೆ ತಿರುಗಿತು. ಆಪರೇಶನ್ಸ್ ರಿಸರ್ಚ್ ಎಂಬ ಹೊಸ ಶಾಖೆ ಆಗ ಬೆಳೆಯುತ್ತಿತ್ತು. ಸೇನೆಯೋ ಕಾರ್ಖಾನೆಯೋ ಬಂದರೋ, ಒಟ್ಟಿನಲ್ಲಿ ಹಲವು ಭಾಗಗಳು ಏಕಕಾಲಕ್ಕೆ ನಡೆಯುವ ವ್ಯವಸ್ಥೆಯನ್ನು ಅಧ್ಯಯನ ಮಾಡಿ ಎಲ್ಲಿ ಸಿಕ್ಕುಬೀಳುತ್ತದೆ ಎಂದು ಕಂಡುಹಿಡಿಯುವ ವಿದ್ಯೆ. ಇಲ್ಲಿ ಅವರಿಗೆ ಕಾಡಿದ್ದು ಲೆಕ್ಕದ ಕಷ್ಟಕ್ಕಿಂತ ವಿವರಣೆಯ ಕಷ್ಟ. ಬಂದರಿಗೆ ಹಡಗು ಬರುತ್ತದೆ, ಕ್ರೇನ್ ಸರಕು ಇಳಿಸುತ್ತದೆ ಎಂದುಕೊಳ್ಳಿ. ಇದನ್ನು ಹಡಗಿನ ಕಡೆಯಿಂದ ಹೇಳಬೇಕೇ, ಕ್ರೇನಿನ ಕಡೆಯಿಂದಲೇ? ಹಡಗು ಕ್ರೇನನ್ನು ಹಿಡಿದುಕೊಳ್ಳುತ್ತದೆಯೋ, ಕ್ರೇನು ಹಡಗನ್ನು ಹಿಡಿದುಕೊಳ್ಳುತ್ತದೆಯೋ? ಯಾರ ಕಣ್ಣಿಂದ ನೋಡುತ್ತೇವೆ ಎಂಬುದರ ಮೇಲೆ ಇಡೀ ವಿವರಣೆ ಬದಲಾಗುತ್ತದೆ. ಈ ಪ್ರಶ್ನೆ ನ್ಯೂಗೋರ್ ಅವರನ್ನು ಜೀವಮಾನವಿಡೀ ಬಿಡಲಿಲ್ಲ.

1960ರಲ್ಲಿ ಅವರು ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿಗೆ ಬಂದರು. ಇಂಥ ವ್ಯವಸ್ಥೆಗಳನ್ನು ಮನುಷ್ಯರಿಗೂ ಯಂತ್ರಕ್ಕೂ ಅರ್ಥವಾಗುವಂತೆ ಬರೆಯುವ ಒಂದು ಭಾಷೆ ಬೇಕು ಎಂಬ ಯೋಚನೆ 1961ರ ಹೊತ್ತಿಗೆ ಗಟ್ಟಿಯಾಗಿತ್ತು. ಆದರೆ ನ್ಯೂಗೋರ್ ಪಳಗಿದ ಪ್ರೋಗ್ರಾಮರ್ ಅಲ್ಲ. ಅದಕ್ಕೆ ಸಿಕ್ಕವರು ಹಳೆಯ ಸಹೋದ್ಯೋಗಿ ಓಲೆ-ಯೋಹಾನ್ ದಾಲ್. ನ್ಯೂಗೋರ್‌ಗಿಂತ ಐದು ವರ್ಷ ಚಿಕ್ಕವರು, ಮಿತಭಾಷಿ. ನ್ಯೂಗೋರ್ ಇದಕ್ಕೆ ತದ್ವಿರುದ್ಧ: ದೊಡ್ಡ ದನಿ, ದೊಡ್ಡ ಯೋಜನೆಗಳು, ವಾದಕ್ಕೆ ಸದಾ ಸಿದ್ಧ. ಭಾಷೆಗೆ ಸಿಮುಲಾ ಎಂದು ಹೆಸರಿಟ್ಟರು.

ಹಣ ಕೇಳಲು ಹೋದಾಗ ಸಿಕ್ಕ ಆಕ್ಷೇಪಗಳು ನಮಗೂ ಪರಿಚಿತವೇ. ಇಂಥ ಭಾಷೆ ಯಾರಿಗೂ ಬೇಕಿಲ್ಲ, ಬೇಕಿದ್ದರೂ ಅದನ್ನು ಈಗಾಗಲೇ ಬೇರೆಯವರು ಮಾಡಿದ್ದಾರೆ, ನಿಮಗೆ ಇದನ್ನು ಮಾಡುವ ಸಾಮರ್ಥ್ಯವಿಲ್ಲ, ಇದೆಲ್ಲ ಹೆಚ್ಚು ಸಂಪನ್ಮೂಲವಿರುವ ದೊಡ್ಡ ದೇಶಗಳು ಮಾಡುವ ಕೆಲಸ. ನಾಲ್ಕೂ ಆಕ್ಷೇಪಗಳು ತಪ್ಪಾದವು. ಆದರೆ ಅವನ್ನು ಸುಳ್ಳಾಗಿಸಲು ಸ್ವಲ್ಪ ವ್ಯಾಪಾರಿ ಚಾತುರ್ಯವೂ ಬೇಕಾಯಿತು. 1962ರಲ್ಲಿ ಯುನಿವ್ಯಾಕ್ ಕಂಪನಿ ತನ್ನ ಹೊಸ 1107 ಯಂತ್ರವನ್ನು ಮಾರುವ ಉದ್ದೇಶದಿಂದ ನ್ಯೂಗೋರ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿತು. ಕೊಳ್ಳಲು ಹೋದವರು ಅಲ್ಲಿ ಸಿಮುಲಾವನ್ನೇ ಮಾರತೊಡಗಿದರು. ಕೊನೆಗೆ ಆದ ಒಪ್ಪಂದದಲ್ಲಿ ಒಸ್ಲೋ ಕೇಂದ್ರಕ್ಕೆ ಭಾರೀ ರಿಯಾಯಿತಿಯಲ್ಲಿ ಯಂತ್ರ ಸಿಕ್ಕಿತು, ಯುನಿವ್ಯಾಕ್‌ಗೆ ಸಿಮುಲಾ. ಯಂತ್ರ 1963ರಲ್ಲಿ ಬಂತು, ಸಿಮುಲಾದ ಮೊದಲ ಆವೃತ್ತಿಯ ಕಂಪೈಲರ್ 1964ರ ಕೊನೆಗೆ ಸಿದ್ಧವಾಯಿತು.

ಈಗ ನಮ್ಮ ಪ್ರಶ್ನೆಗೆ ಬೇಕಾದ ಮುಖ್ಯ ಸಂಗತಿಗೆ ಬರೋಣ. ಸ್ವಲ್ಪ ನಿಧಾನವಾಗಿ ಓದಿ.

ಸಿಮುಲಾಗೆ ಬುನಾದಿಯಾದದ್ದು ಆಲ್ಗಾಲ್ 60 ಎಂಬ ಭಾಷೆ. ಅದರಲ್ಲಿ ಪ್ರೋಗ್ರಾಮ್ ಎಂದರೆ ಒಂದರೊಳಗೊಂದು ಬ್ಲಾಕುಗಳು. ಒಂದು ಬ್ಲಾಕಿನ ಅಥವಾ ಪ್ರೊಸೀಜರಿನ ಕೆಲಸ ಶುರುವಾದಾಗ ಅದರ ಒಳಗಿನ ವೇರಿಯಬಲ್‌ಗಳಿಗೆ ಮೆಮೊರಿಯಲ್ಲಿ ಜಾಗ ಸಿಗುತ್ತದೆ, ಕೆಲಸ ಮುಗಿದ ಕೂಡಲೇ ಆ ಜಾಗ ಅಳಿಸಿಹೋಗುತ್ತದೆ. ಊಟದ ಎಲೆಯ ಹಾಗೆ. ಪಂಕ್ತಿಗೆ ಕೂತಾಗ ಎಲೆ ಹಾಕುತ್ತಾರೆ, ಎದ್ದಾಗ ತೆಗೆಯುತ್ತಾರೆ, ಮತ್ತೆ ಕೂತರೆ ಹೊಸ ಎಲೆ. ಎಲೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದನ್ನೇ ಮೊದಲು ತೆಗೆಯುವ ಈ ಪದ್ಧತಿಗೆ ಸ್ಟ್ಯಾಕ್ ಎಂದು ಹೆಸರು.

ಇದು ಲೆಕ್ಕಕ್ಕೆ ಚೆನ್ನ. ಹಡಗಿಗೆ ಚೆನ್ನಲ್ಲ. ಹಡಗು ಬಂದರಿಗೆ ಬಂದು ಕಾಯಬೇಕು, ನಡುವೆ ಇನ್ನೊಂದು ಹಡಗು ಚಲಿಸಬೇಕು, ಮೊದಲ ಹಡಗು ತಾನು ನಿಂತಲ್ಲಿಂದಲೇ ಮತ್ತೆ ಮುಂದುವರಿಯಬೇಕು. ಅದರ ನೆನಪು ಅಳಿಸಿಹೋದರೆ ಆಗದು. ದಾಲ್ 1963ರಲ್ಲಿ ಮೆಮೊರಿ ಹಂಚುವ ಹೊಸ ಕ್ರಮವೊಂದನ್ನು ರೂಪಿಸಿ ಈ ಸ್ಟ್ಯಾಕ್ ಬಂಧನವನ್ನು ಬಿಡಿಸಿದರು. ಇನ್ನು ಮುಂದೆ ಒಂದು ಬ್ಲಾಕು, ಅದನ್ನು ಕರೆದ ಕೆಲಸ ಮುಗಿದ ಮೇಲೂ ತನ್ನ ವೇರಿಯಬಲ್‌ಗಳೊಂದಿಗೆ ಬದುಕಿರಬಹುದು. ಬೇಕಾದಷ್ಟು ಪ್ರತಿಗಳಿರಬಹುದು, ಪ್ರತಿಯೊಂದಕ್ಕೂ ತನ್ನದೇ ನೆನಪು. ಇಂದು ನಾವು ಆಬ್ಜೆಕ್ಟ್ ಎನ್ನುವುದು ಮೂಲದಲ್ಲಿ ಇಷ್ಟೇ: ಸಾಯಲು ಒಪ್ಪದ ಬ್ಲಾಕು.

ಬ್ಲಾಕು ಮುಗಿದ ಮೇಲೆ ಏನು ಉಳಿಯಬೇಕು ಎಂಬ ಪ್ರಶ್ನೆಗೆ ಇನ್ನೊಂದು ಉತ್ತರವೂ ಆಗಲೇ ಇತ್ತು. ಆಲ್ಗಾಲ್ 60ರಲ್ಲಿ ಓನ್ ಎಂಬ ಪದ ಸೇರಿಸಿ ವೇರಿಯಬಲ್ ಘೋಷಿಸಿದರೆ, ಆ ಒಂದು ವೇರಿಯಬಲ್ ಮಾತ್ರ ಬ್ಲಾಕು ಮುಗಿದರೂ ತನ್ನ ಬೆಲೆ ಉಳಿಸಿಕೊಳ್ಳುತ್ತಿತ್ತು. ಎಲೆ ತೆಗೆದರೂ ಉಪ್ಪಿನ ಬಟ್ಟಲು ಅಲ್ಲೇ ಉಳಿದಂತೆ. ಮುಂದಿನ ಪಂಕ್ತಿಯವರಿಗೂ ಅದೇ ಬಟ್ಟಲು. 1970ರ ದಶಕದಲ್ಲಿ ಸಿ ಭಾಷೆ ಇದೇ ಕೆಲಸಕ್ಕೆ ಸ್ಟ್ಯಾಟಿಕ್ ಎಂಬ ಪದ ಬಳಸಿತು. ಅಂದರೆ ಸ್ಟ್ಯಾಟಿಕ್ ಎಂಬುದು ಬೆಲೆಯ ಗುಣವಲ್ಲ, ಜಾಗದ ಗುಣ. ಬಟ್ಟಲಿನ ಸ್ಥಳ ಬದಲಾಗದು, ಅದರೊಳಗಿನ ಉಪ್ಪು ಎಷ್ಟು ಬೇಕಾದರೂ ಏರಿಳಿಯಬಹುದು. ಬೆಲೆ ಬದಲಾಗಬಾರದು ಎಂದು ಹೇಳಲು ಬೇರೆ ಪದಗಳಿವೆ. ಸಿಯಲ್ಲಿ ಕಾನ್ಸ್ಟ್, ಜಾವಾದಲ್ಲಿ ಫೈನಲ್.

ಹೀಗೆ ಆಬ್ಜೆಕ್ಟ್ ಮತ್ತು ಸ್ಟ್ಯಾಟಿಕ್ ಎರಡೂ ಒಂದೇ ಪ್ರಶ್ನೆಯ ಎರಡು ಉತ್ತರಗಳು. ಒಂದರಲ್ಲಿ ಪ್ರತಿಯೊಬ್ಬರಿಗೂ ತಮ್ಮ ತಮ್ಮ ನೆನಪು, ಇನ್ನೊಂದರಲ್ಲಿ ಎಲ್ಲರಿಗೂ ಸೇರಿ ಒಂದೇ.

ಒಸ್ಲೋಗೆ ಮರಳೋಣ. ಮೊದಲ ಸಿಮುಲಾ ಕೆಲಸ ಮಾಡಿತು, ಆದರೆ ಇಬ್ಬರಿಗೂ ತೃಪ್ತಿಯಿರಲಿಲ್ಲ. ಅವರನ್ನು ಕಾಡಿದ ಉದಾಹರಣೆಗಳಲ್ಲಿ ಒಂದು ಸೇತುವೆಯ ಮೇಲಿನ ಟೋಲ್ ಗೇಟ್. ಸಾಲಿನಲ್ಲಿ ಲಾರಿಗಳೂ ಬಸ್ಸುಗಳೂ ನಿಂತಿವೆ. ಎರಡಕ್ಕೂ ಸಾಮಾನ್ಯವಾದ ಗುಣಗಳಿವೆ, ಬೇರೆಯಾದ ಗುಣಗಳೂ ಇವೆ. ಸಾಲಿನಲ್ಲಿ ನಿಲ್ಲುವ ಸಾಮರ್ಥ್ಯವನ್ನು ಎರಡಕ್ಕೂ ಬೇರೆಬೇರೆಯಾಗಿ ಏಕೆ ಬರೆಯಬೇಕು? 1966ರಲ್ಲಿ ಫ್ರಾನ್ಸಿನ ಒಂದು ಬೇಸಿಗೆ ಶಾಲೆಯಲ್ಲಿ ಬ್ರಿಟನ್ನಿನ ಟೋನಿ ಹೋರ್ ರೆಕಾರ್ಡ್ ಕ್ಲಾಸುಗಳ ಬಗ್ಗೆ ಮಾಡಿದ ಉಪನ್ಯಾಸ ಇವರ ಯೋಚನೆಗೆ ಇಂಬು ಕೊಟ್ಟಿತ್ತು. ಆ ಚಳಿಗಾಲದಲ್ಲಿ ಉತ್ತರ ಹೊಳೆಯಿತು. ಒಂದು ಕ್ಲಾಸಿನ ಹೆಸರನ್ನು ಇನ್ನೊಂದರ ಮುಂದೆ ಬರೆದರೆ ಮೊದಲನೆಯದರ ಗುಣಗಳೆಲ್ಲ ಎರಡನೆಯದಕ್ಕೆ ಬರಲಿ! ವಾಹನ ಎಂಬ ಕ್ಲಾಸನ್ನು ಮುಂದಿಟ್ಟು ಬಸ್ ಎಂಬ ಕ್ಲಾಸ್ ಬರೆದರೆ ಬಸ್ಸು ವಾಹನವೂ ಹೌದು. ನಾವು ಇನ್‌ಹೆರಿಟೆನ್ಸ್ ಎಂದು ಕಲಿಯುವುದು ಇದನ್ನೇ.

1967ರ ವಸಂತದ ಒಂದು ಘಟನೆ ಪ್ರಸಿದ್ಧ. ಕೇಂದ್ರಕ್ಕೆ ಹೊಸದಾಗಿ ಸೇರಿದ ಉದ್ಯೋಗಿಯೊಬ್ಬರು ಗಾಬರಿಯಿಂದ ಟೆಲಿಫೋನ್ ಆಪರೇಟರ್ ಬಳಿ ಓಡಿಬಂದು, ಮಹಡಿಯ ಕಪ್ಪುಹಲಗೆಯ ಮುಂದೆ ಇಬ್ಬರು ಗಂಡಸರು ಭಯಂಕರವಾಗಿ ಜಗಳವಾಡುತ್ತಿದ್ದಾರೆ, ಏನು ಮಾಡೋಣ ಎಂದರಂತೆ. ಆಕೆ ಹೊರಬಂದು ಒಂದು ಕ್ಷಣ ಕಿವಿಗೊಟ್ಟು, ಹೆದರಬೇಡಿ, ದಾಲ್ ಮತ್ತು ನ್ಯೂಗೋರ್ ಸಿಮುಲಾ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೇ ಎಂದು ಸಮಾಧಾನ ಹೇಳಿದರಂತೆ. ಆ ವರ್ಷದ ಮೇ ತಿಂಗಳಲ್ಲಿ ಒಸ್ಲೋ ಬಳಿಯ ಲೀಸೆಬುವಿನಲ್ಲಿ ನಡೆದ ಸಮ್ಮೇಳನದಲ್ಲಿ ಸಿಮುಲಾ 67ನ್ನು ಲೋಕದ ಮುಂದಿಟ್ಟರು.

ಟೋಲ್ ಗೇಟನ್ನೇ ಹಿಡಿದು ಅದರ ಒಳಗೆ ಇಣುಕೋಣ. ಬಸ್ಸು ಎದುರಾದಾಗ ಶುಲ್ಕ ಹೇಳು ಎನ್ನುತ್ತೇವೆ. ಪ್ರೋಗ್ರಾಮ್ ಬರೆಯುವಾಗ ನಮಗೆ ಗೊತ್ತಿರುವುದು ಇದೊಂದು ವಾಹನ ಎಂದಷ್ಟೇ. ನಿಜವಾಗಿ ಬರುವುದು ಬಸ್ಸೋ ಲಾರಿಯೋ, ಅದು ಓಡುವಾಗಲೇ ತಿಳಿಯಬೇಕು. ಶುಲ್ಕವನ್ನು ವರ್ಚುವಲ್ ಎಂದು ಬರೆದಿದ್ದರೆ, ಎದುರಿಗೆ ನಿಂತ ಆಬ್ಜೆಕ್ಟ್ ಯಾವುದೋ ಅದರ ಉತ್ತರ ಬರುತ್ತದೆ. ವರ್ಚುವಲ್ ಎಂದು ಬರೆಯದಿದ್ದರೆ, ಹಣೆಪಟ್ಟಿಯ ಮೇಲೆ ವಾಹನ ಎಂದಿರುವುದರಿಂದ ವಾಹನದ ಉತ್ತರವೇ ಬರುತ್ತದೆ. ಮೊದಲನೆಯದನ್ನು ನಿರ್ಧರಿಸುವುದು ಓಡುವ ಹೊತ್ತಿನಲ್ಲಿ, ಎರಡನೆಯದನ್ನು ಕಂಪೈಲ್ ಆಗುವಾಗಲೇ. ಈ ಎರಡನೆಯ ಬಗೆಗೆ ಸ್ಟ್ಯಾಟಿಕ್ ಬೈಂಡಿಂಗ್ ಎನ್ನುತ್ತಾರೆ.

ಇನ್ನು ದಿಸ್ ಎಂಬ ಪದ. ಬಸ್ಸಿನ ಒಳಗಿನ ಕೋಡಿಗೆ ತಾನು ಯಾವ ಬಸ್ಸು ಎಂಬುದು ಗೊತ್ತಿರಬೇಕಲ್ಲ? ಶುಲ್ಕ ಲೆಕ್ಕಹಾಕುವ ಕೋಡು ಮೆಮೊರಿಯಲ್ಲಿ ಒಂದೇ ಪ್ರತಿ ಇರುತ್ತದೆ, ಸಾವಿರ ಬಸ್ಸಿದ್ದರೂ ಅಷ್ಟೇ. ಯಾವ ಬಸ್ಸಿನ ಪರವಾಗಿ ಓಡಬೇಕು ಎಂಬುದನ್ನು ಕಣ್ಣಿಗೆ ಕಾಣದ ಒಂದು ಮಾಹಿತಿಯಾಗಿ ಅದಕ್ಕೆ ದಾಟಿಸುತ್ತಾರೆ. ಅದೇ ದಿಸ್. ಪೈಥಾನ್ ಬರೆಯುವವರಿಗೆ ಇದು ಸೆಲ್ಫ್ ಎಂದು ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಯಾವ ಬಸ್ಸಿಗೂ ಸೇರದ ಸಂಗತಿಗಳು ಎಲ್ಲಿರಬೇಕು? ಉದಾಹರಣೆಗೆ ಹೊತ್ತು. ಸೇತುವೆಯ ಮೇಲೆ ಈಗ ಸಮಯ ಎಷ್ಟು ಎಂಬುದು ಈ ಬಸ್ಸಿನದೂ ಅಲ್ಲ, ಆ ಲಾರಿಯದೂ ಅಲ್ಲ, ಎಲ್ಲದಕ್ಕೂ ಒಂದೇ. ಸಿಮುಲಾದಲ್ಲಿ ಇದಕ್ಕೆ ವಿಶೇಷ ಪದ ಬೇಕಾಗಲಿಲ್ಲ. ಬಸ್ಸು, ಲಾರಿ, ಗೇಟುಗಳ ಕ್ಲಾಸುಗಳನ್ನೆಲ್ಲ ಒಂದು ದೊಡ್ಡ ಬ್ಲಾಕಿನ ಒಳಗೆ ಬರೆಯುತ್ತಿದ್ದರು. ಸಿಮುಲೇಶನ್ ಎಂಬ ಕ್ಲಾಸಿನ ಹೆಸರನ್ನು ಆ ಹೊರ ಬ್ಲಾಕಿನ ಮುಂದೆ ಇಟ್ಟರೆ ಟೈಮ್ ಎಂಬುದು ಅಲ್ಲಿ ಸಿಗುತ್ತಿತ್ತು. ಒಳಗಿದ್ದವರೆಲ್ಲ ಹೊರಗೆ ತಲೆ ಎತ್ತಿ ಗಡಿಯಾರ ನೋಡುತ್ತಿದ್ದರು. ಸಾಮಾನ್ಯವಾದದ್ದು ಸುತ್ತಲ ಮನೆಯಲ್ಲಿರುತ್ತದೆ, ಒಳಗಿರುವವರು ಅದನ್ನು ಬಳಸುತ್ತಾರೆ. ಎಷ್ಟು ಸಹಜ! ಆದರೆ ಸಿಮುಲಾದ ಮಕ್ಕಳು ಬೇರೆ ಮನೆಯಲ್ಲಿ ಬೆಳೆದರು.

ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ಓದಿದ ಬ್ಯಾರ್ನೆ ಸ್ಟ್ರೌಸ್ಟ್ರಪ್, ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಮಾಡುವಾಗ ಸಿಮುಲಾ ಬಳಸಿದ್ದರು. ಅದರ ಅಂದ ಅವರಿಗೆ ಹಿಡಿಸಿತು, ನಿಧಾನಗತಿ ಹಿಡಿಸಲಿಲ್ಲ. 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಸಿಮುಲಾದ ಕ್ಲಾಸುಗಳನ್ನು ಕಸಿ ಮಾಡತೊಡಗಿದರು. ಅದೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಆದರೆ ಸಿಯಲ್ಲಿ ಬ್ಲಾಕಿನೊಳಗೆ ಬ್ಲಾಕು ಎಂಬ ಆಲ್ಗಾಲ್ ಮನೆತನದ ವ್ಯವಸ್ಥೆ ಪೂರ್ತಿಯಾಗಿ ಇರಲಿಲ್ಲ. ಒಂದು ಫಂಕ್ಷನ್ ಒಳಗೆ ಇನ್ನೊಂದನ್ನು ಬರೆಯುವಂತಿರಲಿಲ್ಲ. ಸುತ್ತಲ ಮನೆ ಇಲ್ಲದ ಮೇಲೆ ಸಾಮಾನ್ಯ ವಸ್ತುಗಳನ್ನು ಕ್ಲಾಸಿನ ಒಳಗೇ ಎಲ್ಲೋ ಇಡಬೇಕು. ಅದಕ್ಕೆ ಸಿಯ ಹಳೆಯ ಸ್ಟ್ಯಾಟಿಕ್ ಪದವೇ ಒದಗಿತು. ಮೊದಲು ಸ್ಟ್ಯಾಟಿಕ್ ವೇರಿಯಬಲ್‌ಗಳು ಬಂದವು. ಸ್ಟ್ಯಾಟಿಕ್ ಮೆಥಡ್‌ಗಳು ಬರಲು 1989ರ ಆವೃತ್ತಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಪ್ರೋಗ್ರಾಮರುಗಳು ಒಂದು ಉಪಾಯ ಮಾಡುತ್ತಿದ್ದರು: ಯಾವ ಆಬ್ಜೆಕ್ಟೂ ಇಲ್ಲದ ಸೊನ್ನೆ ವಿಳಾಸವನ್ನೇ ಆಬ್ಜೆಕ್ಟ್ ಎಂದು ನಂಬಿಸಿ ಮೆಥಡ್ ಕರೆಯುವುದು. ಅಡ್ಡದಾರಿ, ಅಪಾಯಕಾರಿ ಕೂಡ. ಇದನ್ನು ಕಂಡೇ ಸ್ಟ್ರೌಸ್ಟ್ರಪ್ ನೇರ ದಾರಿ ಮಾಡಿಕೊಟ್ಟರು. 1995ರಲ್ಲಿ ಬಂದ ಜಾವಾ ಅದನ್ನು ಹಾಗೆಯೇ ಎತ್ತಿಕೊಂಡಿತು.

ಈಗ ವ್ಯಾಖ್ಯೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸ್ಟ್ಯಾಟಿಕ್ ಮೆಥಡ್ ಎಂದರೆ ದಿಸ್ ಇಲ್ಲದ ಮೆಥಡ್. ಅದರ ಉಳಿದ ವರ್ತನೆಯೆಲ್ಲ ಇದರಿಂದಲೇ ಹುಟ್ಟುತ್ತದೆ.

ದಿಸ್ ಇಲ್ಲವಾದ್ದರಿಂದ ಅದು ಯಾವುದೇ ಬಸ್ಸಿನ ಖಾಸಗಿ ಸಂಗತಿಯನ್ನು ತಾನಾಗಿ ಮುಟ್ಟಲಾರದು. ನೀವೇ ಒಂದು ಬಸ್ಸನ್ನು ಕೈಗಿತ್ತರೆ ಮಾತ್ರ ಸಾಧ್ಯ. ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಎಂದು ಹೇಳಲು ಜಾವಾದ ಮ್ಯಾಥ್ ಕ್ಲಾಸಿನಲ್ಲಿರುವ ಮ್ಯಾಕ್ಸ್ ಸ್ಟ್ಯಾಟಿಕ್ ಆಗಿರುವುದು ಇದಕ್ಕೇ. ಅದಕ್ಕೆ ಯಾರ ನೆನಪೂ ಬೇಕಿಲ್ಲ. ಮೇನ್ ಕೂಡ ಸ್ಟ್ಯಾಟಿಕ್ ಆದದ್ದು ಏಕೆಂದು ಈಗ ತಿಳಿಯಿತಲ್ಲವೇ? ಪ್ರೋಗ್ರಾಮ್ ಶುರುವಾಗುವ ಕ್ಷಣದಲ್ಲಿ ನಮ್ಮ ಕ್ಲಾಸಿನ ಒಂದು ಆಬ್ಜೆಕ್ಟೂ ಹುಟ್ಟಿರುವುದಿಲ್ಲ. ಮೊದಲ ಆಬ್ಜೆಕ್ಟನ್ನು ಹುಟ್ಟಿಸಲು ಆಬ್ಜೆಕ್ಟ್ ಬೇಡದ ಒಂದು ಮೆಥಡ್ ಬೇಕು.

ಜಾವಾ ಸಂದರ್ಶನಗಳಲ್ಲಿ ಬೆವರಿಳಿಸುವ ಎರಡು ಪ್ರಶ್ನೆಗಳೂ ಇಲ್ಲೇ ಬಿಡಿಸಿಕೊಳ್ಳುತ್ತವೆ. ಒಂದು ವೇರಿಯಬಲ್‌ನಲ್ಲಿ ನಲ್ ಇದೆ, ಅಂದರೆ ಆಬ್ಜೆಕ್ಟೇ ಇಲ್ಲ. ಅದರ ಮೂಲಕ ಸ್ಟ್ಯಾಟಿಕ್ ಮೆಥಡ್ ಕರೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಮೆಥಡ್ ಆರಾಮವಾಗಿ ಓಡುತ್ತದೆ. ಕಂಪೈಲರ್ ನೋಡಿದ್ದು ವೇರಿಯಬಲ್‌ನ ಹಣೆಪಟ್ಟಿಯನ್ನು ಮಾತ್ರ, ಒಳಗೆ ಏನಿದೆ ಎಂದು ಓಡುವ ಹೊತ್ತಿನಲ್ಲಿ ಯಾರೂ ಇಣುಕಲಿಲ್ಲ. ಎರಡನೆಯದು: ವಾಹನದಲ್ಲೂ ಬಸ್ಸಿನಲ್ಲೂ ಒಂದೇ ಹೆಸರಿನ ಸ್ಟ್ಯಾಟಿಕ್ ಮೆಥಡ್ ಇದೆ, ವಾಹನ ಎಂಬ ಹಣೆಪಟ್ಟಿಯ ವೇರಿಯಬಲ್‌ನಲ್ಲಿ ಬಸ್ಸನ್ನಿಟ್ಟು ಕರೆದರೆ ಯಾವುದು ಓಡುತ್ತದೆ? ವಾಹನದ್ದು. ಬಸ್ಸಿನ ಮೆಥಡ್ ವಾಹನದ ಮೆಥಡನ್ನು ತಿದ್ದಿ ಬರೆಯಲಿಲ್ಲ, ಬಸ್ಸಿನ ಹೆಸರಿನಲ್ಲಿ ಕರೆದಾಗಷ್ಟೇ ಅದನ್ನು ಮರೆಮಾಡುತ್ತದೆ. ನೋಡಲು ಓವರ್‌ರೈಡ್ ಆದಂತಿದ್ದರೂ ಅದು ಓವರ್‌ರೈಡ್ ಅಲ್ಲ. ಈ ಮೋಸಕ್ಕೆ ಬೀಳಬಾರದೆಂದೇ ಸ್ಟ್ಯಾಟಿಕ್ ಮೆಥಡನ್ನು ಯಾವಾಗಲೂ ಕ್ಲಾಸಿನ ಹೆಸರು ಹಿಡಿದು ಕರೆಯಿರಿ ಎಂದು ತಿಳಿದವರು ಹೇಳುವುದು. ಆಬ್ಜೆಕ್ಟಿನ ಮೂಲಕ ಕರೆಯಲು ಜಾವಾ ಬಿಟ್ಟದ್ದೇ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಎಲ್ಲ ಭಾಷೆಗಳೂ ಹೀಗೇ ಎಂದುಕೊಳ್ಳಬೇಡಿ. ಸಿಮುಲಾದಿಂದಲೇ ಪ್ರೇರಣೆ ಪಡೆದ ಅಲನ್ ಕೇ ಅವರ ಸ್ಮಾಲ್‌ಟಾಕ್‌ನಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟ್. ಹಾಗಾಗಿ ಅಲ್ಲಿ ಕ್ಲಾಸಿನ ಮೆಥಡ್‌ಗೂ ತಾನು ಎಂಬುದಿದೆ, ಅದನ್ನು ಮಗಳು ಕ್ಲಾಸು ತಿದ್ದಿ ಬರೆಯಬಹುದು. ಪೈಥಾನ್ ಎರಡನ್ನೂ ಕೊಡುತ್ತದೆ: ಕ್ಲಾಸ್‌ಮೆಥಡ್‌ಗೆ ಕ್ಲಾಸ್ ಸಿಗುತ್ತದೆ, ಸ್ಟ್ಯಾಟಿಕ್‌ಮೆಥಡ್‌ಗೆ ಏನೂ ಸಿಗುವುದಿಲ್ಲ. ಪಿಎಚ್‌ಪಿಯವರು ಕರೆದ ಕ್ಲಾಸ್ ಯಾವುದೆಂದು ತಿಳಿಯುವ ಸೌಲಭ್ಯವನ್ನು 2009ರಲ್ಲಿ 5.3ನೇ ಆವೃತ್ತಿಗೆ ಸೇರಿಸಿಕೊಂಡರು.

ಸ್ಟ್ಯಾಟಿಕ್ ಮೆಥಡ್ ವೇಗ ಹೆಚ್ಚು ಎಂಬ ಮಾತಿದೆ. ಒಂದು ಗುಪ್ತ ಮಾಹಿತಿ ದಾಟಿಸುವ ಶ್ರಮ ಉಳಿಯುತ್ತದೆ ನಿಜ, ಆದರೆ ಇಂದಿನ ಕಂಪೈಲರುಗಳು ಸಾಮಾನ್ಯ ಮೆಥಡ್‌ಗಳನ್ನೂ ಚೆನ್ನಾಗಿ ಚುರುಕುಗೊಳಿಸುತ್ತವೆ. ಇದಕ್ಕಾಗಿ ಸ್ಟ್ಯಾಟಿಕ್ ಬರೆಯುವುದರಲ್ಲಿ ಅರ್ಥವಿಲ್ಲ. ಮೆಮೊರಿ ಉಳಿತಾಯ ಎಂಬುದೂ ಹಾಗೆಯೇ, ಕೋಡಿಗೆ ಹೇಗೂ ಒಂದೇ ಪ್ರತಿ. ನಿಜವಾದ ಅಪಾಯ ಬೇರೆ ಕಡೆ ಇದೆ. ಸ್ಟ್ಯಾಟಿಕ್ ಮೆಥಡ್ ತನಗೆ ಕೊಟ್ಟದ್ದನ್ನಷ್ಟೇ ನೋಡಿ ಉತ್ತರ ಹೇಳಿದರೆ ಅದರಷ್ಟು ಸಾಧು ಇನ್ನೊಂದಿಲ್ಲ. ಆದರೆ ಅದು ಸ್ಟ್ಯಾಟಿಕ್ ವೇರಿಯಬಲ್ ಅನ್ನು ಬದಲಾಯಿಸತೊಡಗಿದರೆ ಕತೆಯೇ ಬೇರೆ. ಎರಡು ಗೇಟುಗಳು ಒಂದೇ ಕ್ಷಣದಲ್ಲಿ ಮುಂದಿನ ಚೀಟಿಯ ಸಂಖ್ಯೆ ಕೇಳಿದರೆ ಇಬ್ಬರಿಗೂ ಒಂದೇ ಸಂಖ್ಯೆ ಸಿಗಬಹುದು. ಬದಲಾಗದ್ದು ಎಂದು ನಂಬಿದವರಿಗೆ ತಪ್ಪು ಎಲ್ಲಿದೆ ಎಂದು ಹುಡುಕಲೂ ತೋಚುವುದಿಲ್ಲ.

ಇತ್ತ ನ್ಯೂಗೋರ್ ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. ಸಿಮುಲಾ ಬಳಸಿ ಕಾರ್ಖಾನೆಗಳನ್ನು ಅಧ್ಯಯನ ಮಾಡುವವರು ಯಾರು? ಆಡಳಿತ ವರ್ಗ. ಆ ವಿವರಣೆಗಳಲ್ಲಿ ಕಾರ್ಮಿಕ ಎಂದರೆ ಸಾಲಿನಲ್ಲಿ ಸರಿಯುವ ಇನ್ನೊಂದು ವಸ್ತು. ತಾನು ಮಾಡಿದ ಸಲಕರಣೆ ದುಡಿಯುವವರ ವಿರುದ್ಧವೇ ಬಳಕೆಯಾಗಬಹುದು ಎಂಬುದು 1960ರ ದಶಕದ ಕೊನೆಗೆ ಅವರಿಗೆ ಸ್ಪಷ್ಟವಾಯಿತು. ಹಡಗಿನ ಕಣ್ಣೋ ಕ್ರೇನಿನ ಕಣ್ಣೋ ಎಂಬ ಹಳೆಯ ಪ್ರಶ್ನೆ ಈಗ ಮಾಲೀಕನ ಕಣ್ಣೋ ಕಾರ್ಮಿಕನ ಕಣ್ಣೋ ಎಂದಾಯಿತು.

ಅವರು ನೇರವಾಗಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸಕ್ಕಿಳಿದರು. 1970ರ ದಶಕದ ಆರಂಭದ ಆ ಯೋಜನೆಯಲ್ಲಿ ಕಾರ್ಮಿಕರೇ ತಮ್ಮ ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆಯನ್ನು ಓದಿ, ಪ್ರಶ್ನಿಸಿ, ಅದು ಹೇಗಿರಬೇಕೆಂದು ಹೇಳಲು ಕಲಿತರು. 1975ರಲ್ಲಿ ನಾರ್ವೆಯ ಕಾರ್ಮಿಕ ಒಕ್ಕೂಟ ಮತ್ತು ಮಾಲೀಕರ ಒಕ್ಕೂಟದ ನಡುವೆ ಇಂಥ ವ್ಯವಸ್ಥೆಗಳ ಬಗ್ಗೆ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಬಳಸುವವರನ್ನೂ ಕೂರಿಸಿಕೊಂಡು ವಿನ್ಯಾಸ ಮಾಡಬೇಕು ಎಂಬ, ಇಂದು ಸಾಫ್ಟ್‌ವೇರ್ ಕಂಪನಿಗಳು ಹೊಸದೆಂಬಂತೆ ಹೇಳುವ ಮಾತಿಗೆ ಇಲ್ಲಿ ಒಂದು ಮುಖ್ಯ ಬೇರಿದೆ. ಸ್ವಂತ ಸೃಷ್ಟಿಯ ಪರಿಣಾಮ ಕಂಡು ಎದುರು ಪಕ್ಷಕ್ಕೆ ಹೋಗಿ ಕೂತ ತಂತ್ರಜ್ಞರು ಹೆಚ್ಚಿಲ್ಲ. ನಮಗೆ ನ್ಯೂಗೋರ್ ದೊಡ್ಡವರಾಗಿ ಕಾಣುವುದು ಇದಕ್ಕೆ.

ಭಾಷೆಯ ಕೆಲಸವನ್ನೂ ಅವರು ಬಿಡಲಿಲ್ಲ. 1970ರ ದಶಕದ ನಡುವೆ ಓರ್ಹುಸ್‌ನಲ್ಲಿ ಪಾಠ ಮಾಡಿದರು, ಬಳಿಕ ಒಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಡೆನ್ಮಾರ್ಕ್ ಮತ್ತು ನಾರ್ವೆಯ ಸಹೋದ್ಯೋಗಿಗಳೊಂದಿಗೆ ಬೀಟಾ ಎಂಬ ಹೊಸ ಭಾಷೆ ರೂಪಿಸಿದರು. ಅದರಲ್ಲಿ ಕ್ಲಾಸ್ ಮತ್ತು ಪ್ರೊಸೀಜರ್ ಎಂಬ ಭೇದವೇ ಇಲ್ಲ, ಎರಡೂ ಸೇರಿ ಪ್ಯಾಟರ್ನ್ ಎಂಬ ಒಂದೇ ಕಲ್ಪನೆ. ಒಂದರೊಳಗೊಂದು ಮನೆ ಕಟ್ಟುವ ಹಳೆಯ ಆಲ್ಗಾಲ್ ಸಂಪ್ರದಾಯ ಅಲ್ಲಿ ಪೂರ್ಣವಾಗಿ ಉಳಿದಿದೆ. ಹಾಗಾಗಿ ಅಲ್ಲೂ ಸ್ಟ್ಯಾಟಿಕ್ ಎಂಬ ಪದದ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಸೇರಿದ್ದನ್ನು ಹೊರಗಿನ ಆಬ್ಜೆಕ್ಟಿನಲ್ಲಿ ಇಟ್ಟರಾಯಿತು. ಬೀಟಾ ಜನಪ್ರಿಯವಾಗಲಿಲ್ಲ.

ವಾದಪ್ರಿಯ ನ್ಯೂಗೋರ್ ರಾಜಕೀಯದಲ್ಲೂ ಇದ್ದರು. 1990ರಿಂದ 1995ರವರೆಗೆ ನಾರ್ವೆ ಯುರೋಪಿಯನ್ ಒಕ್ಕೂಟಕ್ಕೆ ಸೇರಬಾರದು ಎಂಬ ಚಳವಳಿಯ ಅಧ್ಯಕ್ಷರಾಗಿದ್ದರು. 1994ರ ನವೆಂಬರ್ 28ರ ಜನಮತಗಣನೆಯಲ್ಲಿ ಶೇಕಡ 52.2ರಷ್ಟು ಮಂದಿ ಬೇಡ ಎಂದರು. ನಾರ್ವೆಯ ಸಾಮಾನ್ಯ ಜನರಲ್ಲಿ ಹಲವರಿಗೆ ಅವರು ಪರಿಚಿತರಾದದ್ದು ಹೀಗೆ, ಕಂಪ್ಯೂಟರಿನಿಂದಲ್ಲ.

ಮನ್ನಣೆ ತಡವಾಗಿ, ಆದರೆ ಒಟ್ಟೊಟ್ಟಿಗೆ ಬಂತು. 2001ರ ಟ್ಯೂರಿಂಗ್ ಪ್ರಶಸ್ತಿ ದಾಲ್ ಮತ್ತು ನ್ಯೂಗೋರ್ ಇಬ್ಬರಿಗೂ ಸೇರಿ ಘೋಷಣೆಯಾಯಿತು. ಜೊತೆಗೆ ಫಾನ್ ನಾಯ್ಮನ್ ಪದಕ. 2002ರ ಜೂನ್ 29ರಂದು ದಾಲ್ ತೀರಿಕೊಂಡರು. ಆರು ವಾರ ಕಳೆದು, ಆಗಸ್ಟ್ 10ರಂದು ನ್ಯೂಗೋರ್ ಹೃದಯಾಘಾತದಿಂದ ತೀರಿಕೊಂಡರು. 76 ತುಂಬಲು ಇನ್ನು 17 ದಿನವಿತ್ತು.

2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾದ 25ನೇ ಆವೃತ್ತಿಯಲ್ಲಿ ಮೇನ್‌ಗೆ ಸ್ಟ್ಯಾಟಿಕ್ ಕಡ್ಡಾಯವಲ್ಲ. ಅದು ಸಾಮಾನ್ಯ ಮೆಥಡ್ ಆಗಿದ್ದರೆ ಜಾವಾ ತಾನೇ ಒಂದು ಆಬ್ಜೆಕ್ಟ್ ಹುಟ್ಟಿಸಿ ಅದರ ಮೇಲೆ ಕರೆಯುತ್ತದೆ. ಮೊದಲ ದಿನದ ಮಂತ್ರದಿಂದ ಹೊಸ ವಿದ್ಯಾರ್ಥಿಗಳಿಗೆ ಬಿಡುಗಡೆ. ಒಸ್ಲೋ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಹಳೆಯ ಕಟ್ಟಡಕ್ಕೆ ಈಗ ಕ್ರಿಸ್ಟನ್ ನ್ಯೂಗೋರ್ ಹೆಸರಿದೆ, ಹೊಸ ಕಟ್ಟಡಕ್ಕೆ ಓಲೆ-ಯೋಹಾನ್ ದಾಲ್ ಹೆಸರು. ಎರಡೂ ಹತ್ತಿರ ಹತ್ತಿರದಲ್ಲೇ ನಿಂತಿವೆ.